ಯಾರೂ ಇಲ್ಲದ ಜಾಗ: ಯಾಕೆ ಇಲ್ಲ ಅಂತ ಕೇಳಿದ್ದೀರಾ?

"ಕಡಲಿಗೆ ಹತ್ತಿರ, ಹೊಳೆಗೆ ಮುಖ ಮಾಡಿದ 4 ಎಕ್ರೆ ತೆಂಗಿನ ತೋಟ. ಹಳೆಯ ಹಂಚಿನ ಮನೆ. ಆಚೀಚೆ ಒಂದೂ ಮನೆಯಿಲ್ಲ. ಸಂಪೂರ್ಣ ಏಕಾಂತ."

ಜನವರಿಯಲ್ಲಿ ಉಡುಪಿಯ ನನ್ನ ಆಫೀಸಿಗೆ ಬಂದ ಗಂಡ ಹೆಂಡತಿ ಫೋನಿನಲ್ಲಿ ಈ ಜಾಹೀರಾತು ತೋರಿಸಿದರು. ಊರು ಇಲ್ಲಿಯದೇ, ಕೆಲಸ ಬೆಂಗಳೂರಿನಲ್ಲಿ. ಐದಾರು ವರ್ಷದಲ್ಲಿ ರಿಟೈರ್ ಆಗಿ ಊರಿಗೆ ಬಂದುಬಿಡಬೇಕು ಅಂತ ಆಸೆ. ಜಾಗ ನೋಡಿ ಬಂದಿದ್ದರು, ಮನಸ್ಸಿಗೆ ಹಿಡಿಸಿಬಿಟ್ಟಿತ್ತು. "ಪೇಪರ್ ಒಮ್ಮೆ ನೋಡಿಕೊಡಿ ಸರ್, ಮುಂದಿನ ವಾರ ಅಡ್ವಾನ್ಸ್ ಕೊಡ್ತೇವೆ" ಅಂದರು.

ಜಾಗದ ಪೇಪರ್ ನೋಡುವುದೇ ನನ್ನ ಕೆಲಸ. ವಕೀಲನಾಗಿ ಇಷ್ಟು ವರ್ಷದಲ್ಲಿ ಕಂಡದ್ದನ್ನು ಹೇಳುತ್ತೇನೆ. ನಮ್ಮ ಕರಾವಳಿಯಲ್ಲಿ ಜನ ಒತ್ತೊತ್ತಾಗಿ ಬದುಕುತ್ತಾರೆ. ಅಂಥ ಕಡೆ ಒಂದು ಚಂದದ ಜಾಗದಲ್ಲಿ ಯಾರೂ ಇಲ್ಲ ಅಂದರೆ ಅದಕ್ಕೊಂದು ಕಾರಣ ಇರುತ್ತದೆ. ಕಟ್ಟಲು ಕಾನೂನು ಬಿಡುವುದಿಲ್ಲ. ಅಥವಾ ದಾರಿ ಇಲ್ಲ. ಅಥವಾ ಕುಟುಂಬದಲ್ಲಿ ಪಾಲಾಗಿಲ್ಲ. ಅಥವಾ ಏಪ್ರಿಲ್ ಬಂತೆಂದರೆ ಬಾವಿ ನೀರು ಉಪ್ಪಾಗುತ್ತದೆ. ಕಾರಣ ಇದ್ದ ಕೂಡಲೇ ಜಾಗ ಬೇಡ ಅಂತಲ್ಲ. ಕಾರಣ ಏನು ಅಂತ ಗೊತ್ತಾಗುವ ಮೊದಲು ದುಡ್ಡು ಕೊಡಬೇಡಿ, ಅಷ್ಟೇ.

ಮೊದಲು ಆ 4 ಎಕ್ರೆ. ಆರ್‌ಟಿಸಿ (ಪಹಣಿ) ತೆಗೆದು ನೋಡಿದೆ. 2 ಎಕ್ರೆ 30 ಸೆಂಟ್ಸ್. ಉಳಿದದ್ದೆಲ್ಲಿ ಅಂತ ಬ್ರೋಕರ್‌ಗೆ ಫೋನ್ ಮಾಡಿದರೆ, "ಅದು ಕುಮ್ಕಿ ಸರ್, ಸ್ವಲ್ಪ ಪರಂಬೋಕು, ಎಲ್ಲ ಅವರ ಕೈಯಲ್ಲೇ ಉಂಟು" ಅಂದರು. ಕೈಯಲ್ಲಿ ಇರಬಹುದು, ಹಕ್ಕು ಇಲ್ಲ. ನಮ್ಮ ಜಿಲ್ಲೆ 1956ರವರೆಗೆ ಮದ್ರಾಸಿಗೆ ಸೇರಿತ್ತು. ಕುಮ್ಕಿ ಆ ಕಾಲದಿಂದ ಬಂದ ಸವಲತ್ತು. ಹಳೆಯ ವರ್ಗ ಜಾಗದ (ಕಂದಾಯ ಕಟ್ಟುವ ಪಟ್ಟಾ ಜಾಗ) ಗಡಿಯಿಂದ ನೂರು ಗಜದೊಳಗಿನ ಸರಕಾರಿ ಜಾಗದಲ್ಲಿ ಸೊಪ್ಪು, ಸೌದೆ ತರಬಹುದು ಅಂತ. ಜಾಗ ಸರಕಾರದ್ದೇ. ಅದನ್ನು ಮಾರಲು ಬರುವುದಿಲ್ಲ, ಕ್ರಯಪತ್ರದಲ್ಲಿ ಬರೆದರೂ ಬೆಲೆಯಿಲ್ಲ. ಪರಂಬೋಕು ಅಂದರೆ ಹೊಳೆ, ಸಮುದ್ರದ ಬದಿಯ ಸರಕಾರಿ ಜಾಗ. ಅದರ ಕಥೆಯೂ ಹಾಗೆಯೇ. 4 ಎಕ್ರೆಯ ಲೆಕ್ಕದಲ್ಲಿ ದುಡ್ಡು ಕೊಟ್ಟರೆ ಸರಕಾರದ ಜಾಗಕ್ಕೆ ಖಾಸಗಿಯವರಿಗೆ ದುಡ್ಡು ಕೊಟ್ಟ ಹಾಗೆ.

ಆ 2.30 ಆದರೂ ನೆಲದಲ್ಲಿ ಇದೆಯಾ? ಇದನ್ನು ಹೆಚ್ಚಿನವರು ಕೇಳುವುದೇ ಇಲ್ಲ. ಉಳ್ಳಾಲ, ಸೋಮೇಶ್ವರ, ಪಡುಬಿದ್ರಿ, ಮರವಂತೆ, ಎಲ್ಲ ಕಡೆ ಕಡಲ್ಕೊರೆತ ನೋಡಿದವರು ನಾವು. ಮಳೆಗಾಲದಲ್ಲಿ ಕಡಲು ಐದು ತೆಂಗಿನಮರ ತೆಗೆದುಕೊಂಡು ಹೋದರೆ ಆರ್‌ಟಿಸಿಯಲ್ಲಿ ಅದು ಕಡಿಮೆಯಾಗುವುದಿಲ್ಲ. ಪೇಪರಿನಲ್ಲಿ ಅಜ್ಜನ ಕಾಲದ ಲೆಕ್ಕವೇ ಉಳಿದಿರುತ್ತದೆ. ಈ ಜಾಗವನ್ನು ಸರ್ವೆಯವರಿಂದ ಅಳೆಸಿದಾಗ ಸಿಕ್ಕಿದ್ದು 2 ಎಕ್ರೆ 8 ಸೆಂಟ್ಸ್. ಹಾಗಾಗಿ ಅಗ್ರಿಮೆಂಟಿನಲ್ಲಿ ಒಟ್ಟು ಮೊತ್ತ ಬರೆಯಬೇಡಿ. ಸೆಂಟ್ಸಿಗೆ ಇಷ್ಟು, ಅಳೆದು ಸಿಕ್ಕಿದಷ್ಟಕ್ಕೆ ಹಣ ಅಂತ ಬರೆಸಿ.

ಇನ್ನು ಸಿಆರ್‌ಝಡ್. ಕಡಲ ತೀರದಲ್ಲಿ ಕಟ್ಟುವುದನ್ನು ನಿಯಂತ್ರಿಸುವ ಈ ನಿಯಮ ಬಂದದ್ದು 1991ರಲ್ಲಿ. 2011ರಲ್ಲಿ, ಮತ್ತೆ 2019ರಲ್ಲಿ ಬದಲಾಯಿತು. ಕಡಲ ಬದಿಯಲ್ಲಿ ಉಬ್ಬರ ರೇಖೆಯಿಂದ 500 ಮೀಟರ್ ಒಳಗೆ ಇದರ ಹಿಡಿತ ಇದೆ. ಹಳ್ಳಿ ಪ್ರದೇಶದಲ್ಲಿ 2011ರ ಜನಗಣತಿ ಪ್ರಕಾರ ಚದರ ಕಿಲೋಮೀಟರಿಗೆ 2161ಕ್ಕಿಂತ ಜಾಸ್ತಿ ಜನ ಇದ್ದರೆ ಮೊದಲ 50 ಮೀಟರ್ ಕಟ್ಟುವ ಹಾಗಿಲ್ಲ. ಜನ ಕಡಿಮೆ ಇದ್ದರೆ 200 ಮೀಟರ್. ಅಂದರೆ ಜಾಗ ಎಷ್ಟು ಏಕಾಂತವೋ ನಿಯಮ ಅಷ್ಟು ಬಿಗಿ. ಹೊಳೆ ಬದಿಗೂ ಇದು ಉಂಟು. ಬೇಸಗೆಯಲ್ಲಿ ಲೀಟರಿಗೆ ಸುಮಾರು 5 ಗ್ರಾಂ ಉಪ್ಪು ಇರುವಲ್ಲಿಯವರೆಗೆ ಹೊಳೆಯೂ ಕಡಲಿನ ಲೆಕ್ಕಕ್ಕೇ ಬರುತ್ತದೆ. ಅಲ್ಲಿ 50 ಮೀಟರ್ ಅಥವಾ ಹೊಳೆಯ ಅಗಲ, ಯಾವುದು ಕಡಿಮೆಯೋ ಅದು. ದಡದಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ದೊಡ್ಡ ಗುಂಪು ಇದ್ದರೆ ಇನ್ನೂ ಬಿಗಿ.

ಬ್ರೋಕರ್ ಇವರನ್ನು ಕರೆದುಕೊಂಡು ಹೋಗಿದ್ದು ಇಳಿತದ ಹೊತ್ತಿಗೆ. ನೀರಿನ ಅಂಚಿನಿಂದ ಹೆಜ್ಜೆ ಹಾಕಿ ಎಣಿಸಿ, "ನೋಡಿ, 200 ಮೀಟರ್ ದಾಟಿತು" ಅಂದಿದ್ದರಂತೆ. ಅಳೆಯಬೇಕಾದದ್ದು ನೀರಿನಿಂದ ಅಲ್ಲ. ಹುಣ್ಣಿಮೆ, ಅಮಾವಾಸ್ಯೆಯ ದೊಡ್ಡ ಉಬ್ಬರಕ್ಕೆ ನೀರು ಎಲ್ಲಿಯವರೆಗೆ ಬರುತ್ತದೋ ಅಲ್ಲಿಂದ. ಆ ಗೆರೆ ಸರಕಾರದ ನಕ್ಷೆಯಲ್ಲಿ ಇದೆ. ಸರ್ವೆ ನಂಬರ್ ಹಿಡಿದುಕೊಂಡು ಪರಿಸರ ಇಲಾಖೆಯ ಪ್ರಾದೇಶಿಕ ನಿರ್ದೇಶಕರ ಕಚೇರಿಗೆ ಹೋಗಿ ಕೇಳಿ. ನಮ್ಮ ಲೆಕ್ಕದಲ್ಲಿ ಆ ಹಂಚಿನ ಮನೆ ಗೆರೆಯಿಂದ 140 ಮೀಟರ್. ಈ ಹಳ್ಳಿ 200 ಮೀಟರಿನ ನಿಯಮಕ್ಕೆ ಬರುವುದರಿಂದ ಹೊಸ ಮನೆ ಅಲ್ಲಿ ಆಗುವುದಿಲ್ಲ.

ಇದನ್ನು ಕೇಳಿ ಕೊಳ್ಳಲು ಬಂದ ಆ ಹೆಂಡತಿಯ ಮುಖ ಬಾಡಿತು. ಆದರೆ ಒಂದು ಬಾಗಿಲು ತೆರೆದಿದೆ. ಮೊದಲೇ ಇರುವ ಅಧಿಕೃತ ಮನೆಯನ್ನು ಅದೇ ತಳಪಾಯದ ಅಳತೆಯಲ್ಲಿ, ಇದ್ದಷ್ಟೇ ಗಾತ್ರದಲ್ಲಿ ರಿಪೇರಿ ಮಾಡಬಹುದು, ಮರುಕಟ್ಟಲೂಬಹುದು. ಅದಕ್ಕೆ ಮನೆ ಹಳೆಯದು ಅಂತ ತೋರಿಸಬೇಕು. ತೋಟ ಮಾರುವ ಅಮ್ಮ ಒಳಗೆ ಹೋಗಿ ಮರದ ಪೆಟ್ಟಿಗೆ ತೆರೆದರು. ಹಳೆಯ ಕನ್ನಡಕ, ದೇವಸ್ಥಾನದ ಪ್ರಸಾದದ ಪೊಟ್ಟಣಗಳ ಅಡಿಯಲ್ಲಿ ದಾರ ಪೋಣಿಸಿದ ರಶೀದಿಗಳ ಕಟ್ಟು. 1978ರ ಪಂಚಾಯತ್ ಮನೆ ತೆರಿಗೆ, ಡೋರ್ ನಂಬರ್ ಸಮೇತ. ಕಾಗದದ ಅಂಚನ್ನು ಗೆದ್ದಲು ತಿಂದಿತ್ತು, ನಂಬರ್ ಉಳಿದಿತ್ತು. ಆ ಮನೆಗೆ ಇಂದು ಬೆಲೆ ಇರುವುದು ಗೋಡೆಯಿಂದಲ್ಲ, ಆ ರಶೀದಿಯಿಂದ. ಹಳೆಯ ಮನೆ ಕೊಳ್ಳುವವರು "ಹೇಗೂ ಕೆಡವುತ್ತೇವೆ" ಅಂತ ಮೊದಲೇ ಕೆಡವಬೇಡಿ. ಅಳತೆ, ಫೋಟೋ, ಅನುಮತಿ ಎಲ್ಲ ಆಗುವವರೆಗೆ ಒಂದು ಹಂಚೂ ಇಳಿಸಬೇಡಿ.

ದಾರಿಯ ವಿಷಯಕ್ಕೆ ಬರೋಣ. ನನ್ನ ಟೇಬಲ್ಲಿಗೆ ಬರುವ ಜಗಳಗಳಲ್ಲಿ ದಾರಿಯದ್ದೇ ಜಾಸ್ತಿ. ಜಾಹೀರಾತಿನಲ್ಲಿ "ಮನೆ ಬಾಗಿಲಿಗೆ ಕಾರು" ಅಂತ ಇತ್ತು. ಕಾರು ಹೋಗಿದ್ದೂ ನಿಜ. ನಾನೂ ಹೋದೆ. ಪಂಚಾಯತ್ ರಸ್ತೆ ಒಂದು ಮೋರಿಯ ಹತ್ತಿರ ಮುಗಿಯುತ್ತದೆ. ಅಲ್ಲಿಂದ ಮುಂದೆ ನೆರೆಯವರ ಗದ್ದೆ. ಕೊಯ್ಲು ಆಗಿ ಗದ್ದೆ ಒಣಗಿತ್ತು, ಅದರ ಮೇಲೆ ಚಕ್ರದ ಗುರುತು. ಗದ್ದೆಯ ಬದಿಯಲ್ಲಿ ಇಬ್ಬರು ಎದುರುಬದುರಾದರೆ ಒಬ್ಬರು ಇಳಿದು ನಿಲ್ಲಬೇಕಾದಷ್ಟು ಅಗಲದ ಕಟ್ಟಹುಣಿ, ಅಂದರೆ ಗದ್ದೆಯ ಬದು. ಅದು ನಿಜವಾದ ದಾರಿ. ಜೂನ್‌ನಲ್ಲಿ ಗದ್ದೆಗೆ ನೀರು ನಿಂತ ಮೇಲೆ ಕಾರು ಎಲ್ಲಿ ಹೋಗುತ್ತದೆ?

ನೆರೆಯವರ ಅಂಗಳಕ್ಕೆ ಹೋಗಿ ಕೇಳಿದೆವು. ಒಳ್ಳೆಯ ಜನ, ಮಜ್ಜಿಗೆ ಕೊಟ್ಟರು. "ನಡೆದು ಹೋಗ್ಲಿಕ್ಕೆ ನಮ್ದೇನೂ ಅಡ್ಡಿ ಇಲ್ಲ ಮಾರಾಯ್ರೆ. ನಮ್ಮಜ್ಜನ ಕಾಲದಿಂದ ಅವ್ರು ನಡೀತಿದ್ದಾರೆ. ಕಾರಿಗೆ ಅಂತ ನಾವು ಯಾವತ್ತೂ ಒಪ್ಪಿದ್ದಿಲ್ಲ" ಅಂದರು.

ಅವರು ಹೇಳಿದ್ದು ಕಾನೂನಿಗೂ ಸರಿ. 1882ರ ಈಸ್‌ಮೆಂಟ್ ಕಾಯ್ದೆ ಪ್ರಕಾರ 20 ವರ್ಷ ತಡೆಯಿಲ್ಲದೆ, ಹಕ್ಕಿನಿಂದ ಬಳಸಿದ ದಾರಿಗೆ ಹಕ್ಕು ಹುಟ್ಟುತ್ತದೆ. ಆದರೆ ಒಂದು ಬಗೆಯ ದಾರಿಯ ಹಕ್ಕಿನಲ್ಲಿ ಇನ್ನೊಂದು ಬಗೆಯದ್ದು ಸೇರುವುದಿಲ್ಲ. ಕಾಲುದಾರಿ ಎಷ್ಟು ವರ್ಷ ನಡೆದರೂ ಕಾಲುದಾರಿಯೇ, ಅದು ಕಾರಿನ ರಸ್ತೆ ಆಗುವುದಿಲ್ಲ. ಕೋರ್ಟಿಗೆ ಹೋದರೆ ಸಿಗುವುದು ನಡೆಯುವಷ್ಟು ಅಗಲ, ಜೊತೆಗೆ ಹತ್ತು ವರ್ಷದ ದ್ವೇಷ. ಇದಕ್ಕೆ ಇರುವ ಉಪಾಯ ಒಂದೇ. ನೆರೆಯವರಿಗೆ ನ್ಯಾಯವಾದ ಬೆಲೆ ಕೊಟ್ಟು, 12 ಅಡಿ ಅಗಲದ ದಾರಿಯ ಹಕ್ಕನ್ನು ನಕ್ಷೆ ಸಮೇತ ರಿಜಿಸ್ಟರ್ ಮಾಡಿಸುವುದು. ಅದರಲ್ಲಿ ವಾಹನ ಅಂತ ಬರೆಸಿ. ನೀರಿನ ಪೈಪು, ಕರೆಂಟಿನ ಲೈನು ಅಂತಲೂ ಬರೆಸಿ, ನಾಳೆ ಅದಕ್ಕೂ ತಕರಾರು ಬರುತ್ತದೆ. ಇದು ತೋಟದ ಅಡ್ವಾನ್ಸಿಗೆ ಮೊದಲು ಆಗಬೇಕು. ನೀವು ತೋಟ ಕೊಂಡಾದ ಮೇಲೆ ಕೇಳಿದರೆ ಆ ಗದ್ದೆಯ ಬೆಲೆಯೇ ಬೇರೆ.

ಮನೆ ಯಾರದ್ದು ಅನ್ನುವುದು ಇನ್ನೊಂದು. ಆರ್‌ಟಿಸಿಯ 9ನೇ ಕಾಲಂನಲ್ಲಿ ಆ ಅಮ್ಮನ ಹೆಸರು ಒಂದೇ ಇತ್ತು. ಬೇರೆ ಊರಾಗಿದ್ದರೆ ಇಷ್ಟು ಸಾಕಿತ್ತೋ ಏನೋ. ಇದು ಅಳಿಯಸಂತಾನದ ಕುಟುಂಬ. ಆಸ್ತಿ ಹೆಣ್ಣಿನ ಸಾಲಿನಲ್ಲಿ ಇಳಿದು ಬಂದದ್ದು. 1949ರ ಅಳಿಯಸಂತಾನ ಕಾಯ್ದೆ ಬಂದ ಮೇಲೆ ಕವರುಗಳು (ಕುಟುಂಬದೊಳಗೆ ಒಬ್ಬ ಹೆಣ್ಣಿನಿಂದ ಇಳಿದ ಕವಲುಗಳು) ಪಾಲು ಕೇಳುವ ಹಾಗಾಯಿತು. ಆಗಿನ ಪಾಲುಪಟ್ಟಿಗಳಲ್ಲಿ ಒಂದು ಸೂಕ್ಷ್ಮ ಇದೆ. ಸಂತತಿ ಮುಂದುವರಿಸುವ ಹೆಣ್ಣುಮಕ್ಕಳಿಲ್ಲದ ನಿಸ್ಸಂತತಿ ಕವರಿಗೆ ಸಿಕ್ಕಿದ್ದು ಜೀವಿತಾವಧಿಯ ಹಕ್ಕು ಮಾತ್ರ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ನಂತರ ಅದು ಏನಾಯಿತು ಅನ್ನುವುದರ ಮೇಲೆ ಕೋರ್ಟುಗಳಲ್ಲಿ ಬಹಳ ವಾದ ಆಗಿದೆ. ಆದ್ದರಿಂದ ನಾನು ಹದಿಮೂರು ವರ್ಷದ, ಮೂವತ್ತು ವರ್ಷದ ಇಸಿ (ಋಣಭಾರ ಪತ್ರ) ನೋಡಿ ಮುಗಿಸುವುದಿಲ್ಲ. ಮೊದಲ ಪಾಲುಪಟ್ಟಿ ಸಿಗುವವರೆಗೆ ಹಿಂದೆ ಹೋಗುತ್ತೇನೆ. ಇಲ್ಲಿ 1962ರದ್ದು ಸಿಕ್ಕಿತು. ಅಮ್ಮನ ತಾಯಿಯ ಕವರಿಗೆ ಬಂದ ಪಾಲು. ಅಂದರೆ ಅಮ್ಮನ ಜೊತೆಗೆ ಅವರ ತಂಗಿಯೂ, ತೀರಿಹೋದ ಅಣ್ಣನ ಮಕ್ಕಳೂ ಸಹಿ ಹಾಕಬೇಕು. ಮುಂಬೈಯಲ್ಲಿ ಇಬ್ಬರು, ದುಬೈಯಲ್ಲಿ ಒಬ್ಬರು. "ಅವರೆಲ್ಲ ಬೇಡ ಅಂದಿದ್ದಾರೆ" ಅನ್ನುವ ಬಾಯಿಮಾತು ಸಾಕಾಗುವುದಿಲ್ಲ. ಬೇಡ ಅನ್ನುವುದನ್ನೂ ರಿಜಿಸ್ಟರ್ ಮಾಡಿಯೇ ಹೇಳಬೇಕು.

ಡಿಕ್ಲರೇಶನ್‌ನಲ್ಲಿ ಬಂದ ಜಾಗಕ್ಕೂ ಇದೇ ಎಚ್ಚರ. 1974ರ ಭೂಸುಧಾರಣೆಯ ನಂತರ ಒಕ್ಕಲಿಗೆ ಜಾಗ ಮಂಜೂರಾದಾಗ ಹೆಚ್ಚಾಗಿ ಮನೆಯ ಹಿರಿಯಣ್ಣನ ಹೆಸರು ಹಾಕಿದರು, ಗೇಣಿ ಕೊಟ್ಟದ್ದು ಇಡೀ ಕುಟುಂಬ. ತಮ್ಮಂದಿರ, ತಂಗಿಯರ ಪಾಲು ಆ ಒಂದು ಹೆಸರಿನ ಒಳಗೆ ಇದ್ದಿರಬಹುದು.

ಗಲ್ಫ್‌ನಲ್ಲಿ ಇರುವವರಿಗೆ ಒಂದು ಮಾತು. 2020ರ ತಿದ್ದುಪಡಿಯಿಂದ ಕೃಷಿಕರಲ್ಲದವರೂ ಕರ್ನಾಟಕದಲ್ಲಿ ಕೃಷಿ ಜಾಗ ಕೊಳ್ಳಬಹುದು, ನಿಜ. ಆದರೆ ಎನ್‌ಆರ್‌ಐಗಳಿಗೆ ವಿದೇಶಿ ವಿನಿಮಯ ಕಾಯ್ದೆಯ (ಫೆಮಾ) ನಿಯಮ ಬೇರೆ. ಕೃಷಿ ಜಾಗ, ಪ್ಲಾಂಟೇಶನ್, ಫಾರ್ಮ್‌ಹೌಸ್ ಕೊಳ್ಳುವ ಹಾಗಿಲ್ಲ. ಹಿರಿಯರಿಂದ ವಾರಸಾಗಿ ಬಂದರೆ ತೊಂದರೆಯಿಲ್ಲ.

ನೀರಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮೇ ತಿಂಗಳ ಕೊನೆಗೆ ಹೋಗಿ ಬಾವಿಯ ನೀರು ಒಂದು ಬೊಗಸೆ ಕುಡಿದು ನೋಡಿ. ಕಡಲ ಬದಿಯಲ್ಲಿ ಅಂತರ್ಜಲ ತೆಗೆಯಲು ನಿರ್ಬಂಧ ಇದೆ, ಬೋರ್‌ವೆಲ್ ನಂಬಿ ಕೂರಬೇಡಿ. ಜುಲೈಯಲ್ಲಿ ಇನ್ನೊಮ್ಮೆ ಹೋಗಿ, ಕಡಲು ಎಲ್ಲಿ ನಿಂತಿದೆ ಅಂತ ಕಣ್ಣಾರೆ ನೋಡಿ.

ತೋಟದ ಈಶಾನ್ಯ ಮೂಲೆಯಲ್ಲಿ ನಾಗಬನ ಇದೆ. ಎರಡು ಸುರಹೊನ್ನೆ ಮರ, ಒಂದು ಸುರಗಿ, ನೆಲ ಕಾಣದಷ್ಟು ಬೆತ್ತ, ನಡುವೆ ನಾಲ್ಕು ಕಲ್ಲು. ಅಮ್ಮ ಬೆಲೆಯಲ್ಲಿ ಹೆಚ್ಚು ಚರ್ಚೆ ಮಾಡಲಿಲ್ಲ. ಬನದ ಮುಂದೆ ನಿಂತು, "ಇದನ್ನು ಏನು ಮಾಡ್ತೀರಿ ಮಗಾ?" ಅಂತ ಮಾತ್ರ ಕೇಳಿದರು. ಇವರು, "ನಾವೇ ನೋಡ್ಕೊಳ್ತೇವೆ ಅಮ್ಮ, ನೀವು ಯಾವಾಗ ಬೇಕಾದ್ರೂ ಬನ್ನಿ" ಅಂದರು. ಮನಸ್ಸಿನಿಂದಲೇ ಅಂದರು. ಆದರೆ ಇವರು ನಾಳೆ ಇನ್ನೊಬ್ಬರಿಗೆ ಮಾರಿದರೆ? ಗೇಟಿಗೆ ಬೀಗ ಬಿದ್ದು, ನಾಗನಿಗೆ ತನು (ಹಾಲಿನ ಅಭಿಷೇಕ) ಹಾಕಲು ಹಾಲು ಹಿಡಿದುಕೊಂಡು ಬಂದ ಕುಟುಂಬ ರಸ್ತೆಯಲ್ಲಿ ನಿಂತದ್ದನ್ನು ನಾನು ಕಂಡಿದ್ದೇನೆ. ಹಾಗಾಗಿ ಬನದ 3 ಸೆಂಟ್ಸನ್ನು ಮಾರಾಟದಿಂದ ಹೊರಗಿಡಿ ಅಂದೆ. 11ಇ ನಕ್ಷೆಯಲ್ಲಿ (ಜಾಗ ಭಾಗ ಮಾಡಿ ಮಾರುವಾಗ ಬೇಕಾದ ಸರ್ವೆ ನಕ್ಷೆ) ಬೇರೆ ತೋರಿಸಿ, ಅಲ್ಲಿಗೆ ಹೋಗಲು ಕುಟುಂಬಕ್ಕೆ ದಾರಿಯ ಹಕ್ಕು ಕ್ರಯಪತ್ರದಲ್ಲೇ ಬರೆಯೋಣ ಅಂದೆ. ನಾಗರ ಪಂಚಮಿಗೆ, ವರ್ಷದ ತಂಬಿಲದ ಪೂಜೆಗೆ ಅಂತ ಹೆಸರು ಹೇಳಿಯೇ ಬರೆದಿದ್ದೇವೆ. ಅಮ್ಮ ಆ ಕರಡನ್ನು ಎರಡು ಸಲ ಓದಿಸಿ ಕೇಳಿದರು.

ಕ್ರಯ ಇನ್ನೂ ಆಗಿಲ್ಲ. ದುಬೈಯವರ ಪವರ್ ಆಫ್ ಅಟಾರ್ನಿ ಬಂದಿದೆ, ತಂಗಿ ಒಪ್ಪಿದ್ದಾರೆ. ದಾರಿ ಬಾಕಿ ಇದೆ. ಗದ್ದೆಯಲ್ಲಿ ನೆರೆಯವರ ತಮ್ಮನಿಗೂ ಪಾಲುಂಟು, ಅವರು ಮುಂಬೈಯಲ್ಲಿ ಹೋಟೆಲ್ ನಡೆಸುತ್ತಾರೆ, ದೀಪಾವಳಿಗೆ ಬರುತ್ತಾರಂತೆ. ಬಂದ ದಿನ ಎಲ್ಲರೂ ಆ ಮೋರಿಯ ಹತ್ತಿರ ನಿಂತು 12 ಅಡಿ ಅಳೆಯುವುದು ಅಂತ ಆಗಿದೆ. ಅಡ್ವಾನ್ಸ್ ಅಲ್ಲಿಯವರೆಗೆ ಬ್ಯಾಂಕಿನಲ್ಲೇ ಇರಲಿ ಅಂದಿದ್ದೇನೆ.