ಬೋಲ್ಟ್ ಏರಿತು ಅಂದರೆ ಕೂತಿತು ಅಂತಲ್ಲ

ಹೋದ ತಿಂಗಳು ಧಾರವಾಡದ ಹುಡುಗನೊಬ್ಬ ಹುಬ್ಬಳ್ಳಿಯ ನನ್ನ ಅಂಗಡಿಗೆ ಫೋಕ್ಸ್‌ವ್ಯಾಗನ್ ಪೋಲೊ ಕಾರು ತಂದ. ಹೊಸ ಕಪ್ಪು ಅಲಾಯ್, ನೋಡಲಿಕ್ಕೆ ಭರ್ಜರಿ. "ಎಪ್ಪತ್ತು ದಾಟಿತಂದ್ರ ಸ್ಟೇರಿಂಗ್ ನಡಗತೈತ್ರಿ ಅಣ್ಣಾರ. ಎರಡು ಸಲ ಬ್ಯಾಲೆನ್ಸಿಂಗ್ ಮಾಡಿಸೇನಿ, ಹೋಗವಲ್ದು" ಅಂದ.

ಮುಂದಿನ ಗಾಲಿ ಬಿಚ್ಚಿದೆ. ಬೋಲ್ಟ್ ಕೂಡುವ ತೂತಿನೊಳಗೆ ಕೂದಲೆಳೆಯಷ್ಟು ಸಣ್ಣ, ಹೊಳೆಯುವ ಗೆರೆ. ಇಡೀ ಗಾಲಿ ಆ ಗೆರೆಯ ಮೇಲೆ ನಿಂತಿತ್ತು.

ನಮ್ಮ ಕಡೆ ಹೆಚ್ಚು ಓಡುವ ಸ್ವಿಫ್ಟ್, ಐ20ಗಳಲ್ಲಿ ಹಬ್ಬಿನಿಂದಲೇ, ಅಂದರೆ ಗಾಲಿ ಕೂಡುವ ತಿರುಗುವ ಭಾಗದಿಂದಲೇ, ಸ್ಟಡ್ ಎಂಬ ಥ್ರೆಡ್ಡಿನ ಕಡ್ಡಿ ಹೊರಗೆ ಬಂದಿರುತ್ತದೆ, ಮೇಲೆ ನಟ್ ಬಿಗಿಯುತ್ತೇವೆ. ಫೋಕ್ಸ್‌ವ್ಯಾಗನ್, ಸ್ಕೋಡಾ, ಆಡಿಗಳಲ್ಲಿ ಹಬ್ಬಿಗೆ ಬರೀ ತೂತು. ಬೋಲ್ಟನ್ನೇ ಒಳಗೆ ಏರಿಸಬೇಕು. ಪೋಲೊದ ಕಂಪನಿ ಬೋಲ್ಟಿನ ತಲೆಯ ಕೆಳಭಾಗ ಗುಂಡಗಿರುತ್ತದೆ, ಬಾಲ್ ಸೀಟ್ ಅನ್ನುತ್ತಾರೆ. ಹೊರಗೆ ಸಿಗುವ ಅಲಾಯ್‌ಗಳಲ್ಲಿ ಬಹುತೇಕ 60 ಡಿಗ್ರಿಯ ಕೋನ್ ಸೀಟ್. ಲಿಂಬಿಹಣ್ಣನ್ನು ಲಾಳಿಕೆಯಲ್ಲಿಟ್ಟು ನೋಡಿ, ಮುಟ್ಟುವುದು ಒಂದು ಸುತ್ತಿನ ಗೆರೆ ಮಾತ್ರ. ಥ್ರೆಡ್ ಎರಡಕ್ಕೂ ಒಂದೇ, ಎಂ14, ಪಿಚ್ 1.5: ಅಂದರೆ 14 ಮಿ.ಮೀ. ದಪ್ಪ, ಒಂದು ಸುತ್ತಿಗೆ 1.5 ಮಿ.ಮೀ. ಒಳಗೆ ಹೋಗುತ್ತದೆ. ಹಾಗಾಗಿ ಬೋಲ್ಟ್ ಸಲೀಸಾಗಿ ಏರುತ್ತದೆ, ಬಿಗಿಯೂ ಆಗುತ್ತದೆ. ಹಾಕಿದವನಿಗೆ ತಪ್ಪು ಗೊತ್ತಾಗಿರಲಿಕ್ಕಿಲ್ಲ. ನಾಲ್ಕು ಅಲಾಯ್‌ಗೆ ಸಾವಿರಗಟ್ಟಲೆ ಸುರಿಯುವವರು ಬೋಲ್ಟಿನ ಮಾತು ಬಂದ ಕೂಡಲೇ ಚೌಕಾಸಿಗೆ ಇಳಿಯುವುದು ಮಾತ್ರ ನನಗೆ ಇನ್ನೂ ಅರ್ಥವಾಗಿಲ್ಲ.

ಸಂಶಯವಿದ್ದರೆ ತಲೆಯ ಕೆಳಗೆ ಮಾರ್ಕರ್ ಬಳಿದು, ಬೋಲ್ಟ್ ಹಾಕಿ, ಹಗುರವಾಗಿ ಬಿಗಿದು ಬಿಚ್ಚಿ. ಸೀಟಿನ ತುಂಬ ಬಣ್ಣ ಹತ್ತಿದರೆ ಸರಿ. ದಾರದಂಥ ಗೆರೆ ಬಿದ್ದರೆ ಆ ಬೋಲ್ಟ್ ಆ ಗಾಲಿಯದಲ್ಲ. ಗುಂಡು ಸೀಟುಗಳೂ ಎಲ್ಲ ಒಂದೇ ಅಲ್ಲ: ಆಡಿಯ ದುಂಡು 13 ಮಿ.ಮೀ. ತ್ರಿಜ್ಯದ್ದು, ಮರ್ಸಿಡಿಸ್‌ನ ಎಂ14 ಬೋಲ್ಟಿನದು 14.

ಆಮೇಲೆ ಉದ್ದ. ಕನಿಷ್ಠ ಬೋಲ್ಟಿನ ದಪ್ಪದಷ್ಟಾದರೂ ಥ್ರೆಡ್ ಹಬ್ಬಿನಲ್ಲಿ ಹಿಡಿಯಬೇಕು ಅನ್ನುವುದು ನನ್ನ ಲೆಕ್ಕ. ಎಂ14ಕ್ಕೆ ಅದು ಸುಮಾರು ಒಂಬತ್ತು ಸುತ್ತು, ಕೈಯಿಂದಲೇ ತಿರುಗಿಸಿ ಎಣಿಸಿ. ಗಾಲಿಗೂ ಹಬ್ಬಿಗೂ ನಡುವೆ 10 ಮಿ.ಮೀ. ದಪ್ಪದ ಬಿಲ್ಲೆ (ಸ್ಪೇಸರ್) ಹಾಕಿದರೆ ಬೋಲ್ಟೂ 10 ಮಿ.ಮೀ. ಉದ್ದ ಬೇಕು. ಅತಿ ಉದ್ದವಾದರೆ ಹಬ್ಬಿನ ಹಿಂದೆ ಹೊರಬಂದು ಬ್ರೇಕ್ ಡ್ರಮ್ಮಿನ ಒಳಗಿನ ಭಾಗಕ್ಕೋ ಗಾಲಿಯ ವೇಗ ನೋಡುವ ಎಬಿಎಸ್ ಸೆನ್ಸರ್‌ಗೋ ತಾಗಬಹುದು. ಹೊಸ ಬೋಲ್ಟ್ ಹಾಕಿದ ಮೇಲೆ ಗಾಲಿಯನ್ನು ಕೈಯಿಂದ ಪೂರ್ತಿ ಒಂದು ಸುತ್ತು ತಿರುಗಿಸದೆ ನಾನು ಜಾಕ್ ಇಳಿಸುವುದಿಲ್ಲ.

ಹುಡುಗನ ಗಾಡಿಯಲ್ಲಿ ಇನ್ನೊಂದು ತಪ್ಪೂ ಇತ್ತು. ಪೋಲೊ ಹಬ್ಬಿನ ನಡುವಿನ ಅಳತೆ 57.1 ಮಿ.ಮೀ., ಅಲಾಯ್ ತೂತು ಅದಕ್ಕಿಂತ ದೊಡ್ಡದು, ನಡುವಿನ ಸಂದು ತುಂಬುವ ರಿಂಗ್ ಇಲ್ಲ. ಗಾಲಿ ನಟ್ಟನಡುವೆ ಕೂಡದಿದ್ದರೆ ಎಷ್ಟು ಬ್ಯಾಲೆನ್ಸಿಂಗ್ ಮಾಡಿಸಿದರೂ ನಡುಕ ಹೋಗುವುದಿಲ್ಲ.

ಬಿಗಿತದ ವಿಷಯಕ್ಕೆ ಬರೋಣ. ಗಾಡಿಯ ಭಾರ ಬೋಲ್ಟಿನ ಕಡ್ಡಿಯ ಮೇಲೆ ಕೂತಿರುತ್ತದೆ ಅಂತ ಬಹಳ ಮಂದಿ ತಿಳಿದಿದ್ದಾರೆ. ಅಲ್ಲ. ಬೋಲ್ಟ್ ತುಸು ಹಿಗ್ಗಿ, ಸ್ಪ್ರಿಂಗಿನಂತೆ ಗಾಲಿಯನ್ನು ಹಬ್ಬಿಗೆ ಒತ್ತುತ್ತದೆ. ಆ ಒತ್ತಿನಿಂದ ಬರುವ ಘರ್ಷಣೆಯೇ ಹಿಡಿದುಕೊಳ್ಳುವುದು. ಅದಕ್ಕೇ ಹಬ್ಬಿನ ಮುಖದ ತುಕ್ಕು, ಒಣಗಿದ ಎರೆಮಣ್ಣನ್ನು ತಂತಿ ಬ್ರಷ್ಷಿನಿಂದ ತೆಗೆಯಬೇಕು. ಥ್ರೆಡ್ಡಿಗೆ ಆಯಿಲ್, ಗ್ರೀಸ್ ಹಚ್ಚಬಾರದು: ಪಾನಾ ತೋರಿಸುವ ಬಿಗಿತ ಅಷ್ಟೇ ಇದ್ದರೂ ಬೋಲ್ಟ್ ಅದಕ್ಕಿಂತ ಹೆಚ್ಚು ಹಿಗ್ಗುತ್ತದೆ.

ಪೋಲೊಗೆ ಬೇಕಾದ ಬಿಗಿತ (ಟಾರ್ಕ್) 120 ನ್ಯೂಟನ್ ಮೀಟರ್. ಅಂದಾಜಿಗೆ ಹೇಳುವುದಾದರೆ, 40 ಸೆಂ.ಮೀ. ಉದ್ದದ ಪಾನಾದ ತುದಿಗೆ 30 ಕಿಲೋ ಭಾರ. ಬೋಲ್ಟ್ ಬಿಗಿಯುವ ಗನ್ ಹಿಡಿದು ಕರ್‍ ಅನ್ನಿಸಿದರೆ ಎಷ್ಟು ಬಿತ್ತೋ ದೇವರೇ ಬಲ್ಲ. ಮೊದಲು ಎಲ್ಲ ಐದನ್ನೂ ಕೈಯಿಂದ ಏರಿಸಿ, ಒಂದು ಬಿಟ್ಟು ಒಂದರಂತೆ ನಕ್ಷತ್ರದ ಗೆರೆಯಲ್ಲಿ ಬಿಗಿದು, ಟೈರ್ ನೆಲ ಮುಟ್ಟಿದ ಮೇಲೆ, ಇಟ್ಟ ಬಿಗಿತ ಬಂದಾಗ ಟಕ್ ಅನ್ನುವ ಟಾರ್ಕ್ ಪಾನಾದಿಂದ ಮುಗಿಸಬೇಕು. ಟಕ್ ಅಂದರೆ ನಿಲ್ಲಿಸಿ. "ಇನ್ನೊಂದು ಸಲ ಇರಲಿ" ಅಂತ ಮತ್ತೆ ಒತ್ತುವ ಚಟ ನನ್ನ ಹುಡುಗರಿಗೂ ಇತ್ತು, ಬಿಡಿಸಲು ವರ್ಷ ಹಿಡಿಯಿತು.

ರಿಂಗ್ ಕೂಡಿಸಿ, ಇಪ್ಪತ್ತೂ ಬೋಲ್ಟ್ ಬಿಚ್ಚಿ ಕೋನ್ ಸೀಟಿನವು ಹಾಕಿ ಮುಗಿಸಿದಾಗ ಹುಡುಗ "ನಾಳಿ ಗದಗಕ್ಕ ಹೊಂಟೇನ್ರಿ" ಅಂದ. ಒಳ್ಳೆಯದೇ ಆಯಿತು, ಹುಬ್ಬಳ್ಳಿಯಿಂದ ಸುಮಾರು 60 ಕಿ.ಮೀ. "ಅಲ್ಲಿ ಮುಟ್ಟಿ, ಗಾಲಿ ತಣ್ಣಗಾದ ಮ್ಯಾಲೆ ಇನ್ನೊಮ್ಮೆ ಟಾರ್ಕ್ ನೋಡಸಪಾ" ಅಂದೆ. ಹೊಸ ಗಾಲಿ 50ರಿಂದ 100 ಕಿ.ಮೀ. ಓಡುವುದರೊಳಗೆ ತುಸು ಕೂತು ಬಿಗಿತ ಇಳಿಯುವುದುಂಟು.

ಹೊರಡುವಾಗ ನೆನಪಾಗಿ ಡಿಕ್ಕಿ ತೆಗೆಸಿದೆ. ಸ್ಟೆಪ್ನಿ ಕಂಪನಿಯ ಕಬ್ಬಿಣದ ಗಾಲಿ, ಅದರ ಸೀಟು ಗುಂಡಗಿನದು. ದಾರಿಯಲ್ಲಿ ಪಂಕ್ಚರ್ ಆದರೆ ಹೊಸ ಕೋನ್ ಬೋಲ್ಟ್ ಅದಕ್ಕೆ ನಡೆಯದು. ಬಿಚ್ಚಿದ ಇಪ್ಪತ್ತರಲ್ಲಿ ಅಂಚು ಕೆಡದ ಐದನ್ನು ಆರಿಸಿ, ಬಟ್ಟೆಯಲ್ಲಿ ಸುತ್ತಿ ಸ್ಟೆಪ್ನಿಯ ನಡುವೆ ಇಟ್ಟು ಕಳಿಸಿದೆ.