ಬಾವಿ ನೀರು ಕೆಂಪಾಗಿದೆ, ಬ್ಲೀಚಿಂಗ್ ಪೌಡರ್ ಎಷ್ಟು ಹಾಕಬೇಕು?

ಪ್ರಶ್ನೆ: ನಾವು ಮೂಡಿಗೆರೆ ತಾಲ್ಲೂಕಿನವರು. ಮೂರು ದಿನದ ಮಳೆಗೆ ಗದ್ದೆ ನೀರು ಬಾವಿಕಟ್ಟೆ ಹತ್ತಿ ಒಳಗೆ ಇಳಿದಿದೆ. ನೀರು ಕೆಂಪಾಗಿದೆ. ಮನೆಯಲ್ಲಿ ಅರ್ಧ ಕೆಜಿ ಬ್ಲೀಚಿಂಗ್ ಪೌಡರ್ ಇದೆ. ಅಷ್ಟನ್ನೂ ಸುರಿದರೆ ಸಾಕಾ?

ಉತ್ತರ: ದಯವಿಟ್ಟು ಸುರಿಯಬೇಡಿ. ಅಷ್ಟು ಬೇಕಾಗಿಲ್ಲ, ಹಾಕುವ ರೀತಿಯೂ ಅದಲ್ಲ. ಅದಕ್ಕೂ ಮೊದಲು ಮೋಟರ್ ಆಫ್ ಮಾಡಿ. ಇಲ್ಲದಿದ್ದರೆ ಮೇಲಿನ ಟ್ಯಾಂಕೂ ಕೆಡುತ್ತದೆ. ಗುಡ್ಡದ ಒರತೆಯಿಂದ ಪೈಪಲ್ಲಿ ನೀರು ತರುವವರು ಪೈಪಿನ ಬಾಯಿ ಎತ್ತಿ ಹೊರಗೆ ಹಾಕಿದರೆ ಸಾಕು. ನಲ್ಲಿ ನೀರಾದರೆ ನೀರುಗಂಟಿಗೆ ಫೋನ್ ಮಾಡಿ ವಾಲ್ವ್ ಮುಚ್ಚಿಸಿ. ಕೆಟ್ಟ ನೀರು ಮುಂದೆ ಹೋಗದಂತೆ ತಡೆಯುವುದೇ ಮೊದಲ ಕೆಲಸ.

ಆಮೇಲೆ ಯೋಚನೆ ಮಾಡಿ: ಒಳಗೆ ಹೋಗಿದ್ದು ಏನು? ಗದ್ದೆಯ ಕೆಸರು, ಕೊಟ್ಟಿಗೆ ನೀರು, ಕಕ್ಕಸು ಗುಂಡಿಯ ನೀರು ಆಗಿದ್ದರೆ ಭಯ ಇರುವುದು ರೋಗಾಣುಗಳದ್ದು. ಅದಕ್ಕೆ ಕುದಿಸುವುದೂ ಬ್ಲೀಚಿಂಗೂ ಕೆಲಸ ಮಾಡುತ್ತವೆ. ಆದರೆ ನಮ್ಮದು ತೋಟದ ಊರು. ಔಷಧಿ ಹೊಡೆದ ಕ್ಯಾನ್ ತೊಳೆದ ನೀರು, ಮೈಲುತುತ್ತು, ಡೀಸೆಲ್ ಏನಾದರೂ ಸೇರಿದ್ದರೆ ಲೆಕ್ಕವೇ ಬೇರೆ. ಕುದಿಸಿದರೆ ಹೆಚ್ಚಿನ ವಿಷ ಹೋಗುವುದಿಲ್ಲ. ನೀರು ಆವಿಯಾಗಿ ಹೋಗಿ, ಉಳಿದಿದ್ದು ಇನ್ನೂ ಗಟ್ಟಿಯಾಗುತ್ತದೆ. ಬ್ಲೀಚಿಂಗ್ ಕೂಡ ಅದಕ್ಕೆ ಮದ್ದಲ್ಲ. ನೀರಿನ ಮೇಲೆ ಎಣ್ಣೆ ಬಣ್ಣ, ಔಷಧಿ ವಾಸನೆ, ಸತ್ತು ತೇಲುವ ಮೀನು ಕಪ್ಪೆ ಕಂಡರೆ ಕುಡಿಯಬೇಡಿ, ಅಡುಗೆಗೂ ಸ್ನಾನಕ್ಕೂ ಬಳಸಬೇಡಿ, ದನಕ್ಕೂ ಕೊಡಬೇಡಿ. ಶುದ್ಧವಾದ ಗಾಜಿನ ಬಾಟಲಿಯಲ್ಲಿ ಸ್ವಲ್ಪ ನೀರು ಹಿಡಿದು, ದಿನಾಂಕ, ಹೊತ್ತು ಬರೆದಿಡಿ. ಪಂಚಾಯಿತಿಗೂ, ಜಿಲ್ಲಾ ವಿಪತ್ತು ಸಹಾಯವಾಣಿ 1077ಕ್ಕೂ ತಿಳಿಸಿ. ವರದಿ ಬರುವವರೆಗೆ ಬೇರೆ ಕಡೆಯ ನೀರೇ ಗತಿ. ವಾಸನೆ ಇಲ್ಲದ ವಿಷವೂ ಇರುತ್ತದೆ. ಹಾಗಾಗಿ ಮೇಲಿನ ತೋಟದಲ್ಲಿ ಆ ವಾರ ಏನು ಹೊಡೆದರು ಅಂತ ಕೇಳಿ ಬರುವುದು ಒಳ್ಳೆಯದು.

ನಿಮ್ಮ ಬಾವಿಗೆ ಹೋಗಿದ್ದು ಬರೀ ಕೆಸರು ನೀರು ಅಂದುಕೊಳ್ಳೋಣ. ಕೆಂಪು ನೀರಿಗೆ ಪೌಡರ್ ಹಾಕಿದರೆ ಅದರಲ್ಲಿನ ರೋಗಾಣು ಕೊಲ್ಲುವ ಕ್ಲೋರಿನ್ನನ್ನು ಕೆಸರೇ ತಿಂದುಹಾಕುತ್ತದೆ. ಮಳೆ ಬಿಟ್ಟ ಮೇಲೆ ನೀರು ತಿಳಿಯಾಗಲು ಬಿಡಿ, ಇಲ್ಲವೇ ಸ್ವಲ್ಪ ಸ್ವಲ್ಪವೇ ಎತ್ತಿ ಹೊರಗೆ ಬಿಡಿ. ನೆಲ ನೆನೆದಿರುವಾಗ ಒಂದೇ ಸಲಕ್ಕೆ ಬಾವಿ ಖಾಲಿ ಮಾಡಿದರೆ ರಿಂಗು, ಕಲ್ಲಿನ ಕಟ್ಟೋಣ ಕುಸಿಯಬಹುದು.

ಈಗ ಅಳತೆ. ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಸಿ. ಎಷ್ಟು ಉದ್ದ ನೆನೆದಿದೆಯೋ ಅದು ನೀರಿನ ಆಳ. ಬಾವಿಯ ಅಗಲವನ್ನು ಅಡಿಯಲ್ಲಿ ಅಳೆದು, ಅಗಲವನ್ನು ಅಗಲದಿಂದಲೇ ಗುಣಿಸಿ, ಅದನ್ನು ಆಳದಿಂದ ಗುಣಿಸಿ, ಬಂದಿದ್ದನ್ನು 22ರಿಂದ ಗುಣಿಸಿ. ಸುಮಾರು ಎಷ್ಟು ಲೀಟರ್ ಇದೆ ಅಂತ ಗೊತ್ತಾಗುತ್ತದೆ. 6 ಅಡಿ ಅಗಲ, 10 ಅಡಿ ನೀರು ಇದ್ದರೆ ಹತ್ತಿರ ಹತ್ತಿರ 8,000 ಲೀಟರ್. ಸಾವಿರ ಲೀಟರಿಗೆ ಒಳ್ಳೆಯ ಪೌಡರ್ ಎರಡೂವರೆ ಗ್ರಾಂ ಲೆಕ್ಕದಲ್ಲಿ 20 ಗ್ರಾಂ ಸಾಕು. ನಿಮ್ಮ ಅರ್ಧ ಕೆಜಿ ಅಂಥ 25 ಬಾವಿಗೆ ಆಗುತ್ತದೆ!

ಇಷ್ಟು ಒತ್ತಿ ಹೇಳಲು ಕಾರಣ ಇದೆ. ನಮ್ಮ ದೊಡ್ಡಮ್ಮನ ಮನೆ ಬಾವಿಗೆ ಒಮ್ಮೆ ಯಾರೋ ಪೊಟ್ಟಣಗಟ್ಟಲೆ ಸುರಿದರು. ಆ ವಾಸನೆಗೆ ಯಾರೂ ನೀರು ಮುಟ್ಟಲಿಲ್ಲ. ಎಲ್ಲರೂ ಕೊಡಪಾನ ಹಿಡಿದು ಹಳ್ಳಕ್ಕೆ ಹೋದರು. ಹಳ್ಳದ ನೀರು ಬಾವಿ ನೀರಿಗಿಂತ ಕೊಳಕಾಗಿತ್ತು.

ತೂಗಿದ ಪೌಡರನ್ನು ಪ್ಲಾಸ್ಟಿಕ್ ಬಕೆಟಿನಲ್ಲಿ ಹಾಕಿ, ಸ್ವಲ್ಪ ನೀರು ಬಿಟ್ಟು ದೋಸೆ ಹಿಟ್ಟಿನ ಹದಕ್ಕೆ ಕಲಸಿ. ಮುಖ ದೂರ ಇಟ್ಟುಕೊಳ್ಳಿ, ಕೈಗೆ ಗ್ಲೌಸ್ ಇರಲಿ. ಕಕ್ಕಸು ತೊಳೆಯುವ ಆಸಿಡ್ ಹತ್ತಿರವೂ ಬರಬಾರದು, ಎರಡೂ ಸೇರಿದರೆ ವಿಷದ ಗಾಳಿ ಏಳುತ್ತದೆ. ಮುಕ್ಕಾಲು ಬಕೆಟ್ ನೀರು ತುಂಬಿಸಿ ಕಲಕಿ, ಹತ್ತು ನಿಮಿಷ ಬಿಡಿ. ಬಿಳಿ ಸುಣ್ಣ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನಷ್ಟೇ ಬಾವಿಗೆ ಹಾಕಿ, ಬಿಂದಿಗೆಯನ್ನು ಮೇಲೆ ಕೆಳಗೆ ಎಳೆದಾಡಿ ಚೆನ್ನಾಗಿ ಕಲಕಿ. ಸುಣ್ಣ ಬಾವಿಗೆ ಬೇಡ.

ಕನಿಷ್ಠ ಒಂದು ಗಂಟೆ ಬಿಟ್ಟು ಪರೀಕ್ಷೆ ಮಾಡಿ. ನೀರುಗಂಟಿ ಅಥವಾ ಆರೋಗ್ಯ ಸಿಬ್ಬಂದಿಯ ಹತ್ತಿರ ನೀರಿನ ಕ್ಲೋರಿನ್ ಅಳೆಯುವ ಸಣ್ಣ ಕಿಟ್, ಕ್ಲೋರೋಸ್ಕೋಪ್, ಸಿಗಬಹುದು. ಸಣ್ಣ ಕೊಳವೆಯ ನೀರಿಗೆ ಕಿಟ್‌ನಲ್ಲಿರುವ ದ್ರಾವಣವನ್ನು ಅದರಲ್ಲಿ ಹೇಳಿದಷ್ಟು ಹನಿ ಹಾಕಿದರೆ, ಕ್ಲೋರಿನ್ ಇದ್ದಲ್ಲಿ ಹಳದಿ ಬಣ್ಣ ಬರುತ್ತದೆ. ಆ ಹಳದಿಯನ್ನು ಪಕ್ಕದ ಬಣ್ಣಕ್ಕೆ ಹೋಲಿಸಿ ನೋಡಬೇಕು. ಲೀಟರಿಗೆ 0.5 ಮಿಲಿಗ್ರಾಂ ಇದ್ದರೆ ಸರಿ. ಬಣ್ಣವೇ ಬರದಿದ್ದರೆ ಇನ್ನೊಂದು ಸಲ ಹಾಕಬೇಕು. ಮಲೆನಾಡಿನ ತೇವಕ್ಕೆ ಪೌಡರ್ ಬೇಗ ಸತ್ತುಹೋಗುತ್ತದೆ. ಡಬ್ಬ ತೆರೆದಾಗ ಮೂಗಿಗೆ ಹೊಡೆಯದಿದ್ದರೆ ಅದನ್ನು ನಂಬಬೇಡಿ.

ಕ್ಲೋರಿನ್ ವಾಸನೆ ಪೂರ್ತಿ ಹೋದ ಮೇಲೆ ಎಚ್‌ಟೂಎಸ್ ಬಾಟಲಿಯಲ್ಲಿ (ನೀರಿಗೆ ಮಲದ ಹೊಲಸು ಸೇರಿದೆಯಾ ಅಂತ ತೋರಿಸುವ ಪರೀಕ್ಷೆಯ ಬಾಟಲಿ) ನೀರು ತುಂಬಿಸಿಡಿ. ಒಂದೆರಡು ದಿನದಲ್ಲಿ ಕಪ್ಪಾದರೆ ಹೊಲಸು ಇನ್ನೂ ಸೇರುತ್ತಿದೆ ಅಂತಲೇ ತಿಳಿಯಿರಿ.

ಅಲ್ಲಿಯವರೆಗೆ ಕುಡಿಯಲು ಕುದಿಸಿದ ನೀರೇ. ಕೆಸರಿದ್ದರೆ ಮೊದಲು ದಪ್ಪ ಬಟ್ಟೆಯಲ್ಲಿ ಸೋಸಿ. ನೀರು ಕೊತಕೊತ ಕುದಿಯಲು ಶುರುವಾದ ಮೇಲೆ ಒಂದು ನಿಮಿಷ ಸಾಕು. 2,000 ಮೀಟರಿಗಿಂತ ಎತ್ತರದಲ್ಲಿ ಮೂರು ನಿಮಿಷ ಬೇಕು, ಆದರೆ ನಮ್ಮ ಮುಳ್ಳಯ್ಯನಗಿರಿ ತುದಿಯೂ ಅಷ್ಟು ಎತ್ತರ ಇಲ್ಲ. ಒಂದು ತಪ್ಪು ಮಾತ್ರ ಮಾಡಬೇಡಿ: ಬಚ್ಚಲ ಹಂಡೆಯ ನೀರು ಬಿಸಿ ಇದೆಯಲ್ವಾ ಅಂತ ಮಗುವಿಗೆ ಕುಡಿಸಬೇಡಿ. ಅದು ಬಿಸಿಯಾಗಿರುತ್ತದೆ, ಕುದ್ದಿರುವುದಿಲ್ಲ. ಅಕ್ಕಪಕ್ಕ ಎರಡು ಮೂರು ಮನೆಯಲ್ಲಿ ವಾಂತಿ ಭೇದಿ ಕಂಡರೆ ಆಶಾ ಕಾರ್ಯಕರ್ತೆಗೆ ಅವತ್ತೇ ಹೇಳಿ. ನಾಳೆಗೆ ಬಿಡಬೇಡಿ.