ಪದ ಪರಿಚಯ: ಆಯುಧಾಗಾರಾಧ್ಯಕ್ಷ

ಅರಸನ ಆಯುಧಶಾಲೆಯ ಉಸ್ತುವಾರಿ ಹೊತ್ತ ಅಧಿಕಾರಿಗೆ ಕೌಟಿಲ್ಯನ ಅರ್ಥಶಾಸ್ತ್ರ ಕೊಡುವ ಹೆಸರು ಆಯುಧಾಗಾರಾಧ್ಯಕ್ಷ. ಗ್ರಂಥದ ಎರಡನೆಯ ಅಧಿಕರಣದಲ್ಲಿ, ಅಂದರೆ ಭಾಗದಲ್ಲಿ, ಗಣಿ, ಸುಂಕ, ನೇಯ್ಗೆ, ಹೆಂಡ ಹೀಗೆ ಒಂದೊಂದು ಇಲಾಖೆಗೂ ಒಬ್ಬೊಬ್ಬ ಅಧ್ಯಕ್ಷನಿದ್ದಾನೆ. ಅದರ 18ನೆಯ ಅಧ್ಯಾಯ ಇವನಿಗೆ ಮೀಸಲು. ಆದರೆ ಆಯುಧಾಗಾರದ ಕಟ್ಟಡ ಕಟ್ಟಿಸುವುದು ಇವನ ಕೆಲಸವಲ್ಲ. ಬೊಕ್ಕಸ, ಕಣಜ, ಸೆರೆಮನೆಗಳ ಜೊತೆಗೆ ಅದನ್ನೂ ಕಟ್ಟಿಸಬೇಕಾದವನು ಸನ್ನಿಧಾತೃ, ಅಂದರೆ ವರ್ಷಕ್ಕೆ 24,000 ಪಣ (ಅಂದಿನ ನಾಣ್ಯ) ಸಂಬಳ ಪಡೆಯುವ ದೊಡ್ಡ ಅಧಿಕಾರಿ. ಕಟ್ಟಿದ ಮೇಲೆ ಅದನ್ನು ತುಂಬಿಸಿ ಕಾಯುವ ಹೊಣೆ ಆಯುಧಾಗಾರಾಧ್ಯಕ್ಷನದು.

ತುಂಬಿಸುವುದು ಹೇಗೆ? ಅಧ್ಯಾಯದ ಮೊದಲ ಸೂತ್ರವೇ ಗುತ್ತಿಗೆಯ ಕರಾರಿನಂತಿದೆ. ಆಯಾ ಕಸುಬು ಬಲ್ಲ ಕಾರುಗಳನ್ನು, ಅಂದರೆ ಕುಶಲಕರ್ಮಿಗಳನ್ನು ಹಿಡಿಯಬೇಕು. ಎಷ್ಟು ಕೆಲಸ, ಎಷ್ಟು ಕಾಲ, ಎಷ್ಟು ಕೂಲಿ, ಎಷ್ಟು ಮಾಲು ಎಂಬುದನ್ನು ಮೊದಲೇ ಗೊತ್ತುಮಾಡಿಕೊಂಡು ಮಾಡಿಸಬೇಕು. ಯುದ್ಧಕ್ಕೆ, ಕೋಟೆಯ ಕಾವಲಿಗೆ, ಶತ್ರುವಿನ ಊರು ಮುರಿಯುವುದಕ್ಕೆ ಬೇಕಾದ ಯಂತ್ರ, ಆಯುಧ, ಕವಚಗಳೆಲ್ಲ ಈ ಲೆಕ್ಕದಲ್ಲೇ ತಯಾರಾಗಬೇಕು.

ಮುಂದೆ ಬರುವುದು ದಾಸ್ತಾನಿನ ಉದ್ದನೆಯ ಪಟ್ಟಿ. ನನಗಂತೂ ಇಡೀ ಅಧ್ಯಾಯದಲ್ಲಿ ರುಚಿಸುವ ಭಾಗ ಇದೇ. ಯಂತ್ರಗಳಲ್ಲಿ ಎರಡು ಬಗೆ: ನೆಟ್ಟಲ್ಲೇ ಇರುವ ಸ್ಥಿತಯಂತ್ರ, ಸಾಗಿಸಬಹುದಾದ ಚಲಯಂತ್ರ. ಸ್ಥಿತಯಂತ್ರಗಳಲ್ಲಿ ಒಂದರ ಹೆಸರು ವಿಶ್ವಾಸಘಾತಿ! ಕೋಟೆಯ ಹೊರಗೆ ಅಡ್ಡಲಾಗಿ ಇಟ್ಟ ತೊಲೆ, ಕೀಲು ಕಳಚಿದರೆ ಬಂದವನ ಮೇಲೆ ಬೀಳುತ್ತದೆ ಎಂದು ವ್ಯಾಖ್ಯಾನಕಾರರು ವಿವರಿಸುತ್ತಾರೆ. ಹೆಸರಿಟ್ಟವನಿಗೆ ಹಾಸ್ಯಪ್ರಜ್ಞೆ ಇದ್ದಿರಬೇಕು. ಬಿಲ್ಲುಗಳನ್ನು ತಾಳೆ, ಬಿದಿರು, ಮರ, ಕೊಂಬು ಎಂದು ಸಾಮಗ್ರಿಯ ಪ್ರಕಾರ ವಿಂಗಡಿಸಲಾಗಿದೆ. ಹೆದೆಗೆ ಎಕ್ಕದ ನಾರು, ಸೆಣಬು, ಪ್ರಾಣಿಗಳ ನರ ಆಗುತ್ತದೆ. ಕತ್ತಿಯ ಹಿಡಿಗೆ ಖಡ್ಗಮೃಗದ ಕೊಂಬು, ಕೋಣದ ಕೊಂಬು, ಆನೆಯ ದಂತ, ಮರ ಅಥವಾ ಬಿದಿರಿನ ಬೇರು.

ಇವೆಲ್ಲ ಹಾಳಾಗುವ ವಸ್ತುಗಳು ಎಂಬುದನ್ನು ಗಮನಿಸಿ. ಹಾಗಾಗಿ ಸಾಮಾನುಗಳನ್ನು ಆಗಾಗ ಜಾಗ ಬದಲಿಸಿ ಬಿಸಿಲು ಗಾಳಿಗೆ ಒಡ್ಡಬೇಕು. ಶಾಖ, ತೇವ, ಹುಳುಗಳಿಂದ ಕೆಡುತ್ತಿರುವುದನ್ನು ಬೇರೆ ಕಡೆ ಇಡಬೇಕು. ಪ್ರತಿಯೊಂದರ ಜಾತಿ, ರೂಪ, ಲಕ್ಷಣ, ಪ್ರಮಾಣ, ಎಲ್ಲಿಂದ ಬಂತು, ಬೆಲೆ ಎಷ್ಟು, ಎಲ್ಲಿಟ್ಟಿದೆ ಎಂಬುದು ಅಧ್ಯಕ್ಷನಿಗೆ ಗೊತ್ತಿರಬೇಕು. ಶೌರ್ಯದ ಸುದ್ದಿಯೇ ಇಲ್ಲ. ಅಧ್ಯಾಯದ ಕೊನೆಯ ಶ್ಲೋಕ ಅವನು ಅರಿತಿರಬೇಕಾದ ಸಂಗತಿಗಳನ್ನು ಹೆಸರಿಸುತ್ತದೆ: ಬೇಡಿಕೆ, ಕೆಲಸದ ಪೂರೈಕೆ, ಬಳಕೆ, ಲಾಭ, ನಷ್ಟ, ಖರ್ಚು, ಜೊತೆಗೆ ‘ವ್ಯಾಜ’. ವ್ಯಾಜವೆಂದರೆ ಮೋಸ. ಒಳ್ಳೆಯ ಮಾಲಿನ ಜಾಗಕ್ಕೆ ಕಳಪೆ ಮಾಲು ಬರುವುದನ್ನು ಲೆಕ್ಕದ ಒಂದು ಬಾಬತ್ತಾಗಿಯೇ ಕೌಟಿಲ್ಯ ಎಣಿಸಿದ್ದಾನೆ.

ಐದನೆಯ ಅಧಿಕರಣದಲ್ಲಿ ಇನ್ನೂ ಬಿಗಿಯಾದ ನಿಯಮಗಳಿವೆ. ಶಸ್ತ್ರ, ಕವಚಗಳು ಅರಸನ ಮುದ್ರೆ ಬಿದ್ದ ಮೇಲೆಯೇ ಆಯುಧಾಗಾರದ ಒಳಗೆ ಹೋಗಬೇಕು. ಮುದ್ರೆಯ ಪರವಾನಗಿ ಇಲ್ಲದವರು ಆಯುಧ ಹಿಡಿದು ತಿರುಗುವಂತಿಲ್ಲ. ಕಳೆದುಹೋದರೆ, ಹಾಳಾದರೆ ಎರಡರಷ್ಟು ತೆರಬೇಕು. ಯುದ್ಧದಲ್ಲಿ ಮುರಿದದ್ದಕ್ಕೂ ಲೆಕ್ಕ ಇಡಬೇಕು.

ಈ ಗ್ರಂಥ ಮತ್ತೆ ಬೆಳಕಿಗೆ ಬಂದದ್ದು ನಮ್ಮ ಮೈಸೂರಿನಲ್ಲಿ. ತಂಜಾವೂರಿನ ಪಂಡಿತರೊಬ್ಬರು ಕೊಟ್ಟ ತಾಳೆಗರಿಯ ಪ್ರತಿಯನ್ನು ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಗುರುತಿಸಿದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಸಂಸ್ಕೃತ ಪಾಠವನ್ನು ಪ್ರಕಟಿಸಿದರು. ಗ್ರಂಥ ಮೌರ್ಯರ ಕಾಲದ್ದೇ, ಅನಂತರದ್ದೇ ಎಂಬ ಚರ್ಚೆ ವಿದ್ವಾಂಸರಲ್ಲಿ ಇಂದಿಗೂ ನಡೆದಿದೆ. ‘ಹೀಗಿರಬೇಕು’ ಎಂದು ಶಾಸ್ತ್ರ ಹೇಳಿದ್ದೆಲ್ಲ ಹಾಗೆಯೇ ನಡೆಯಿತೆಂದು ನಂಬಬೇಕಾಗಿಯೂ ಇಲ್ಲ. ಆದರೆ ಚಂದ್ರಗುಪ್ತ ಮೌರ್ಯನ ಆಸ್ಥಾನಕ್ಕೆ ಬಂದಿದ್ದ ಗ್ರೀಕ್ ರಾಯಭಾರಿ ಮೆಗಾಸ್ತನೀಸನ ಬರಹವನ್ನು ಆಧರಿಸಿ ಗ್ರೀಕ್ ಭೂಗೋಳಕಾರ ಸ್ಟ್ರಾಬೋ ಒಂದು ಮಾತು ದಾಖಲಿಸಿದ್ದಾನೆ: ಸೈನಿಕರು ಕುದುರೆ, ಆನೆಗಳನ್ನು ಅರಸನ ಲಾಯಗಳಿಗೆ ಮರಳಿಸುವಂತೆ ಆಯುಧಗಳನ್ನೂ ಅರಸನ ಆಯುಧಶಾಲೆಗೆ ಒಪ್ಪಿಸುತ್ತಿದ್ದರು.